ನೇರಳೆ ಬೆಳಕಿನ ಹಾಲೊವೀನ್

ಮಕ್ಕಳು ದೆವ್ವ, ಮಾಟಗಾತಿಯರ ವೇಷ ಹಾಕಿ ಮನೆಮನೆಗೆ ಬರುವ ಹಬ್ಬ ಹಾಲೊವೀನ್. ಹೋದ ವರ್ಷ ಅದಕ್ಕೆ ನ್ಯೂಜೆರ್ಸಿಯ ನಮ್ಮ ಮನೆ ಮುಂದೆ ಬ್ಲ್ಯಾಕ್‌ಲೈಟ್, ಅಂದರೆ ನೇರಳಾತೀತ (ಯುವಿ) ಬೆಳಕು ಬೀರುವ ದೀಪ, ಹಾಕಲೇಬೇಕೆಂದು ಮಗಳು ಹಟ ಹಿಡಿದಳು. ನನಗೂ ಆಸೆಯಿತ್ತು. ಅಕ್ಟೋಬರ್ 31ರ ಸಂಜೆ ಈ ಕಡೆ ಆರೂವರೆಗೆಲ್ಲ ಕತ್ತಲು. ಹಳೆಯ ಬಿಳಿ ಪಂಚೆ ಹರಿದು ನೇತುಹಾಕಿದರೂ ಸಾಕು, ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿಗೆ ಸೇರಿಸುವ ಹೊಳಪುಕಾರಕ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ.

ಗಂಡ ಅಟ್ಟದಿಂದ ಕೋವಿಡ್ ಕಾಲದ ಕ್ರಿಮಿನಾಶಕ ದೀಪ ಇಳಿಸಿ ತಂದರು. "ಇದೂ ಯುವಿ ತಾನೇ, ಇದನ್ನೇ ಹಾಕಿದ್ರಾಯ್ತಲ್ಲೇ?" ಎಂದರು. ಖಂಡಿತ ಬೇಡ ಎಂದೆ. ಅದು 254 ನ್ಯಾನೋಮೀಟರ್ ತರಂಗದ ಯುವಿ‑ಸಿ, ಕಣ್ಣಿನ ಪಾರದರ್ಶಕ ಪಟಲವನ್ನೂ ಚರ್ಮವನ್ನೂ ಸುಡುವಂಥದ್ದು. ಸುಟ್ಟದ್ದು ಆಗ ಗೊತ್ತೇ ಆಗುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಮರಳು ಬಿದ್ದಂತೆ ಕಣ್ಣುರಿ ಶುರುವಾಗುತ್ತದೆ. ಅಲಂಕಾರದ ಬ್ಲ್ಯಾಕ್‌ಲೈಟ್ ಅಷ್ಟು ತೀಕ್ಷ್ಣವಲ್ಲದ ಯುವಿ‑ಎ, ಸಾಮಾನ್ಯವಾಗಿ 365ರಿಂದ 400ರ ಒಳಗಿನದು. ಡಬ್ಬಿಯ ಮೇಲೆ 395 ಎಂದು ಬರೆದಿದ್ದ ಎಲ್‌ಇಡಿ ಪಟ್ಟಿಗಳನ್ನೇ ಆರಿಸಿದೆ. ನೇರಳೆ ಬಣ್ಣ ಬಳಿದ ಹಳೇ ಮಾದರಿಯ ಬಲ್ಬು ಅಗ್ಗಕ್ಕೆ ಸಿಗುತ್ತದೆ, ಆದರೆ ಕೈ ಸುಡುವಷ್ಟು ಕಾಯುತ್ತದೆ. ಪಾಲಿಯೆಸ್ಟರ್ ಜೇಡರ ಬಲೆಯ ಪಕ್ಕ ಅದನ್ನು ಇಡಲು ನನಗೆ ಧೈರ್ಯವಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ದೀಪ ಎಲ್ಲಿ ಕಟ್ಟುವುದು ಎಂಬ ಯೋಚನೆ. ಈ ಬೆಳಕು ಕಣ್ಣಿಗೆ ಮಂಕಾಗಿ ಕಾಣುತ್ತದೆ, ಹಾಗಾಗಿ ಸೂರ್ಯನನ್ನು ಕಂಡಾಗಿನಂತೆ ಯಾರೂ ಮುಖ ತಿರುಗಿಸುವುದಿಲ್ಲ. ಕತ್ತಲಿಗೆ ಪಾಪೆ ಬೇರೆ ಅಗಲವಾಗಿ ತೆರೆದಿರುತ್ತದೆ. ಎಳೆಯ ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿ, ಒಳಕ್ಕೆ ಹೆಚ್ಚು ಯುವಿ ಬಿಡುತ್ತದೆ. ದೀಪವನ್ನು ನೆಲದಲ್ಲಿಟ್ಟು ಮೇಲಕ್ಕೆ ತಿರುಗಿಸಿದರೆ ನೇರ ಅವರ ಮುಖಕ್ಕೇ ಹೊಡೆಯುತ್ತದೆ. 2023ರಲ್ಲಿ ಹಾಂಗ್‌ಕಾಂಗ್‌ನ ಒಂದು ಸಮಾರಂಭದ ಯುವಿ ದೀಪಗಳಿಂದ ಕೆಲವರು ಕಣ್ಣು ನೋವೆಂದು ಆಸ್ಪತ್ರೆಗೆ ಹೋದದ್ದನ್ನು ಓದಿದ್ದೆ. ಅವರೆಲ್ಲ ದೊಡ್ಡವರು. ಆದ್ದರಿಂದ ಪಟ್ಟಿಗಳನ್ನು ಜಗಲಿಯ ಸೂರಿನ ತೊಲೆಯ ಹಿಂದೆ ಕಟ್ಟಿ ಗೋಡೆಗೆ ಮುಖ ಮಾಡಿಸಿದೆವು. ಆಮೇಲೆ ನಾನು ಮೆಟ್ಟಿಲ ಮೇಲೆ ಮಂಡಿಯೂರಿ, ಮಗುವಿನ ಎತ್ತರದಿಂದ ಎಲ್ಲಾದರೂ ದೀಪ ಕಾಣುತ್ತದೆಯೇ ಎಂದು ನೋಡಿದೆ. ಮೆಟ್ಟಿಲಿಗೆ ಮಾತ್ರ ಮಾಮೂಲಿ ಹಳದಿ ಬಲ್ಬು. ನೇರಳೆ ಮಬ್ಬಿನಲ್ಲಿ ಅಂಚು ತಿಳಿಯುವುದಿಲ್ಲ, ಉದ್ದ ಲಂಗದ ಪುಟ್ಟ ಮಾಟಗಾತಿಯರು ಎಡವುತ್ತಾರೆ. ವೈರು ಹೊರಾಂಗಣದ್ದು, ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಪ್ಲಗ್ಗಿಗೇ ಸಿಕ್ಕಿಸಿದ್ದು.

ಊರಿಂದ ಬಂದಿದ್ದ ಅಮ್ಮನಿಗೆ ಇದೆಲ್ಲ ಹೊಸತು. ಕಹಿ ಸೋಡಾದಂಥ ಟಾನಿಕ್ ವಾಟರಿನ ಬಾಟಲಿ ಅದರಲ್ಲಿರುವ ಕ್ವಿನೈನ್‌ನಿಂದ ನೀಲಿಯಾಗಿ ಹೊಳೆದದ್ದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಸ್ಪಿರಿಟ್ಟಿನಲ್ಲಿ ಅರಿಶಿನ ಕದಡಿ ಸೋಸಿ, ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ ಎತ್ತರಕ್ಕೆ ಇಟ್ಟಾಗ ಅದು ಹಸಿರು‑ಹಳದಿಯಾಗಿ ಬೆಳಗಿತು. "ಅಯ್ಯೋ, ನಮ್ಮ ಅರಿಶಿನವೇನೇ ಇದು!" ಎಂದು ಬಂದ ಮಕ್ಕಳಿಗೆಲ್ಲ ತೋರಿಸುತ್ತಾ ನಿಂತರು.

ಎದುರು ಮನೆಯವರು ದೀಪ ಎಲ್ಲಿದೆಯೆಂದು ಹುಡುಕಿ ಕೇಳಿದರು. ತೋರಿಸಿದೆ. ತಮ್ಮ ಅಂಗಳದ ಪಟ್ಟಿಯನ್ನೂ ಆಗಲೇ ಗೋಡೆಗೆ ತಿರುಗಿಸಿದರು. ಆ ಕ್ರಿಮಿನಾಶಕ ದೀಪದೊಳಗೆ ಪಾದರಸವಿದ್ದುದರಿಂದ ಕಸದ ಬುಟ್ಟಿಗೆ ಹಾಕದೆ, ಕೌಂಟಿಯವರು (ಇಲ್ಲಿನ ಜಿಲ್ಲಾಡಳಿತ) ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಕೊಟ್ಟುಬಂದೆವು.