ಟೋಕಿಯೋ ಡೋಮ್‌ನಲ್ಲಿ ಆ ಆರು ನಿಮಿಷ

2023ರ ಫೆಬ್ರವರಿ 26ರ ಸಂಜೆ. ಬೇಸ್‌ಬಾಲ್ ಆಡುವ ಟೋಕಿಯೋ ಡೋಮ್‌ನ ನಡುವೆ ಐಸ್ ಹಾಸಿದೆ. ಸುತ್ತ 35 ಸಾವಿರ ಜನ ಕೂತಿದ್ದಾರೆ. ಐಸಿಗೆ ಇಳಿಯುವವರು ಮಾತ್ರ ಒಬ್ಬರೇ, ಜಪಾನಿನ ಫಿಗರ್ ಸ್ಕೇಟರ್ ಯುಜುರು ಹಾನ್ಯು. ಮೇಲಿನ ಸಾಲಿನ ಕುರ್ಚಿಗೆ ಆತ ಒಂದು ಬೆಂಕಿಕಡ್ಡಿಯಷ್ಟು ಕಾಣುತ್ತಾರೆ. ‘ಗಿಫ್ಟ್’ ಎಂಬ ಈ ಪ್ರದರ್ಶನದ ಮೊದಲ ಭಾಗದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸ್ಪರ್ಧೆಯಲ್ಲಿ ಇರುವಂತೆಯೇ ಆರು ನಿಮಿಷದ ವಾರ್ಮ್‌ಅಪ್ ಶುರುವಾಗುತ್ತದೆ. ಸಂಗೀತ, ಬಣ್ಣದ ಬೆಳಕು ಯಾವುದೂ ಇಲ್ಲ. ಒಬ್ಬ ಸ್ಕೇಟರ್ ಬರೀ ಸುತ್ತು ಹಾಕುತ್ತಾ, ಜಿಗಿತ ಪರೀಕ್ಷಿಸುತ್ತಾ ಇರುವುದನ್ನು ಅಷ್ಟು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ.

ಇದು ಯಾಕೆಂದು ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋಗಬೇಕು. 2022ರ ಫೆಬ್ರವರಿ 8, ಬೀಜಿಂಗ್ ಒಲಿಂಪಿಕ್ಸ್‌ನ ಶಾರ್ಟ್ ಪ್ರೋಗ್ರಾಮ್, ಅಂದರೆ ಸ್ಪರ್ಧೆಯ ಎರಡು ಹಂತಗಳಲ್ಲಿ ಮೊದಲನೆಯದು, ಸಂಗೀತಕ್ಕೆ ಹೆಣೆದ ಚಿಕ್ಕ ಕಾರ್ಯಕ್ರಮ. ಮೊದಲ ಜಿಗಿತವೇ ನಾಲ್ಕು ಸುತ್ತಿನ ಸಾಲ್ಕೋ. ಸಾಲ್ಕೋಗೆ ಬೂಟಿನ ಬ್ಲೇಡಿನ ಮುಂತುದಿಯಲ್ಲಿರುವ ಹಲ್ಲನ್ನು ಐಸಿಗೆ ಊರುವುದಿಲ್ಲ. ಎಡಗಾಲಿನ ಬ್ಲೇಡಿನ ಒಳ ಅಂಚಿನ ಮೇಲೆ ಹಿಮ್ಮುಖವಾಗಿ ಬಾಗುದಾರಿಯಲ್ಲಿ ಜಾರುತ್ತಾ ಬಂದು, ಆ ಬಾಗಿನಿಂದಲೇ ಮೇಲೇಳಬೇಕು. ಬ್ಲೇಡಿನ ದಪ್ಪ ಸುಮಾರು 4 ಮಿಲಿಮೀಟರ್. ಹಾನ್ಯು ಮೇಲೇಳುವ ಕ್ಷಣದಲ್ಲಿ ಅದು ಐಸಿನಲ್ಲಿದ್ದ ಒಂದು ಕುಳಿಗೆ ಸಿಕ್ಕಿತು. ನಾಲ್ಕು ಸುತ್ತು ಒಂದೇ ಸುತ್ತಾಯಿತು. 95.15 ಅಂಕ, ಎಂಟನೇ ಸ್ಥಾನ. ಕೊನೆಗೆ ನಾಲ್ಕನೆಯವರಾಗಿ ಮುಗಿಸಿದರು. 2014 ಮತ್ತು 2018ರಲ್ಲಿ ಚಿನ್ನ ಗೆದ್ದವರ ಕೊನೆಯ ಒಲಿಂಪಿಕ್ಸ್ ಹೀಗೆ ಒಂದು ಕುಳಿಯಿಂದ ತಿರುವು ಪಡೆಯಿತು. ಅದೇ ವರ್ಷ ಜುಲೈ 19ರಂದು ಸ್ಪರ್ಧೆಯಿಂದ ಹಿಂದೆ ಸರಿದು, ವೃತ್ತಿಪರ ಸ್ಕೇಟರ್ ಆಗುವುದಾಗಿ ಹೇಳಿದರು. ಬೀಜಿಂಗ್‌ನ ಅದೇ ಕಾರ್ಯಕ್ರಮವನ್ನು ಅದೇ ಆರು ನಿಮಿಷದ ವಾರ್ಮ್‌ಅಪ್ ಸಮೇತ ಡೋಮ್‌ನ ಐಸಿನ ಮೇಲೆ ಮತ್ತೆ ಕಟ್ಟಿದ್ದು ಈ ಕಾರಣಕ್ಕೆ.

ಕುಳಿ ಅಪರೂಪದ್ದೇನಲ್ಲ. ಟೋ ಲೂಪ್, ಫ್ಲಿಪ್, ಲುಟ್ಜ್ ಜಿಗಿತಗಳಿಗೆ ಬೂಟಿನ ಹಲ್ಲನ್ನು ಗುದ್ದಲಿಯಂತೆ ಐಸಿಗೆ ಊರಬೇಕು, ಪ್ರತಿ ಸಲವೂ ಒಂದು ಗುಂಡಿ ಬೀಳುತ್ತದೆ. ಸ್ಪರ್ಧೆಯ ನಡುವೆ ರಿಂಕಿನ (ಐಸ್ ಅಂಗಳದ) ಹುಡುಗರು ಬಕೆಟ್ಟಿನಲ್ಲಿ ಒದ್ದೆ ಐಸ್ ಪುಡಿ ತಂದು ಗುಂಡಿಗೆ ಒತ್ತುತ್ತಾರೆ. ಅದು ಗಟ್ಟಿಯಾಗುವ ಮೊದಲೇ ಮುಂದಿನವರು ಬಂದರೆ ತೇಪೆ ಕಿತ್ತು ಬರುತ್ತದೆ. ಒಂಟಿ ಪ್ರದರ್ಶನದಲ್ಲಿ ಬೇರೆಯವರ ಗುಂಡಿ ಇರುವುದಿಲ್ಲ, ನಿಜ. ಆದರೆ ಒಬ್ಬರೇ ಅದೇ ದಾರಿಯಲ್ಲಿ ಬಂದು ಅದೇ ಜಾಗದಲ್ಲಿ ಜಿಗಿಯುವುದರಿಂದ ತಮ್ಮ ಗುಂಡಿ ತಮಗೇ ಎದುರಾಗುತ್ತದೆ. ಪ್ರತಿ ಕಾರ್ಯಕ್ರಮದ ದಾರಿಯನ್ನು ಒಂದೆರಡು ಮೀಟರ್ ಆಚೀಚೆ ಸರಿಸಿ ಹೆಣೆಯಬೇಕಾಗುತ್ತದೆ.

ಇಂಥ ಕಡೆ ಐಸೇ ತಾತ್ಕಾಲಿಕ. ನೆಲದ ಮೇಲೆ ಶಾಖ ತಡೆಯುವ ಹಾಸು, ಅದರ ಮೇಲೆ ಕೊಳವೆಗಳ ಚಾಪೆ. ಕೊಳವೆಯೊಳಗೆ ಸೊನ್ನೆಗಿಂತ ಕೆಳಗಿಳಿಸಿದ ಗ್ಲೈಕಾಲ್ ದ್ರವ ಹರಿಯುತ್ತದೆ. ಮೇಲಿಂದ ನೀರನ್ನು ತುಂತುರಾಗಿ ಬಿಟ್ಟು, ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಪದರ ಬಿಡುತ್ತಾ, ಸಾಮಾನ್ಯವಾಗಿ 4–5 ಸೆಂಟಿಮೀಟರ್‌ವರೆಗೆ ಏರಿಸುತ್ತಾರೆ. ಆತುರಪಟ್ಟು ಒಮ್ಮೆಗೇ ಹೆಚ್ಚು ನೀರು ಸುರಿದರೆ ಒಳಗೆ ಗಾಳಿ ಉಳಿದು ಐಸ್ ಟೊಳ್ಳಾಗುತ್ತದೆ, ಹಲ್ಲು ಊರಿದಾಗ ಹಪ್ಪಳದಂತೆ ಮುರಿಯುತ್ತದೆ. ಫಿಗರ್ ಸ್ಕೇಟಿಂಗಿಗೆ ಮೇಲ್ಮೈ ಮೈನಸ್ 3ರಿಂದ 4 ಡಿಗ್ರಿ ಇದ್ದರೆ ಹಿತ. ಐಸ್ ಹಾಕಿಯವರಿಗೆ ಬೇಕಾದಷ್ಟು ಗಟ್ಟಿ ಐಸ್ ಇಲ್ಲಿ ಸಿಡಿಯುತ್ತದೆ, ಅಂಚು ಕಚ್ಚುವುದಿಲ್ಲ. ಸಾವಿರಾರು ಜನರ ಮೈಬಿಸಿ, ಉಸಿರಿನ ತೇವ, ತಲೆಯ ಮೇಲಿನ ದೀಪಗಳು ಎಲ್ಲ ಸೇರಿ ಸಂಜೆ ಏರಿದಂತೆ ಐಸಿನ ಮೇಲ್ಪದರವನ್ನು ಮೆತ್ತಗಾಗಿಸುತ್ತವೆ. ಬೆಳಿಗ್ಗೆ ರಿಹರ್ಸಲ್‌ನಲ್ಲಿ ಕಾಲಿಗೆ ಸಿಕ್ಕ ಐಸೇ ಬೇರೆ, ಸಂಜೆಯ ಐಸೇ ಬೇರೆ. ವಿರಾಮದಲ್ಲಿ ಐಸ್ ಸಮ ಮಾಡುವ ಗಾಡಿ ಬಿಸಿನೀರು ಬಿಡುವುದು ಹಳೆಯ ಗೀರುಗಳ ಅಂಚನ್ನು ಕರಗಿಸಿ ಬೆಸೆಯಲಿ ಎಂದು. ಅದು ಗಟ್ಟಿಯಾಗಲು ಹತ್ತು ಹದಿನೈದು ನಿಮಿಷ ಬಿಡಲೇಬೇಕು.

ಕತ್ತಲೆ ಇನ್ನೊಂದು ಕಷ್ಟ. ಗಾಳಿಯಲ್ಲಿ ತಿರುಗುವವರು ಗೋಡೆ, ಬೋರ್ಡು, ಯಾವುದಾದರೂ ಒಂದು ಗುರುತು ಹಿಡಿದು ತಮ್ಮ ಜಾಗ ಅಳೆಯುತ್ತಾರೆ. ಸ್ಪಾಟ್‌ಲೈಟ್ ಕಣ್ಣಿಗೆ ಹೊಡೆದರೆ ಅಂಥ ಗುರುತೆಲ್ಲ ಮಾಯ. ಐಸಿನ ಮೇಲೆ ಪ್ರೊಜೆಕ್ಟರ್‌ನಿಂದ ಚಲಿಸುವ ಚಿತ್ರಗಳನ್ನು ಬಿಟ್ಟರಂತೂ ಕಾಲ ಕೆಳಗಿನ ನೆಲವೇ ಓಡಿದಂತೆ ಭಾಸವಾಗಿ ಸಮತೋಲ ತಪ್ಪುತ್ತದೆ. ಡೋಮ್‌ನಂಥ ಕಡೆ ಗೋಡೆಯೂ ಛಾವಣಿಯೂ ಎಲ್ಲೋ ದೂರ. ಅಲ್ಲಿ ನಾಲ್ಕು ಸುತ್ತಿನ ಜಿಗಿತ ಇಟ್ಟುಕೊಂಡದ್ದು ದೊಡ್ಡ ಧೈರ್ಯವೆಂದೇ ನಮ್ಮ ಅಭಿಪ್ರಾಯ.

ಸ್ಪರ್ಧೆಯಲ್ಲಿ ಶಾರ್ಟ್ ಪ್ರೋಗ್ರಾಮ್ 2 ನಿಮಿಷ 40 ಸೆಕೆಂಡು, ಎರಡನೆಯ ಹಂತವಾದ ಫ್ರೀ 4 ನಿಮಿಷ, ಅವೂ ಸಾಮಾನ್ಯವಾಗಿ ಬೇರೆ ಬೇರೆ ದಿನ. ಹಲವರು ಸೇರಿ ಮಾಡುವ ಐಸ್ ಷೋದಲ್ಲಿ ಒಬ್ಬೊಬ್ಬರಿಗೆ ಒಂದೆರಡು ಕಾರ್ಯಕ್ರಮ, ಉಳಿದ ಹೊತ್ತು ತೆರೆಯ ಹಿಂದೆ ವಿಶ್ರಾಂತಿ. ‘ಗಿಫ್ಟ್’ನಲ್ಲಿ ಹತ್ತಕ್ಕೂ ಹೆಚ್ಚು ಕಾರ್ಯಕ್ರಮ, ಎಲ್ಲವೂ ಒಬ್ಬರ ಕಾಲಿನ ಮೇಲೆ. ನಡುವೆ ಬರುವ ವಿಡಿಯೋ, ಕಥನದ ದನಿ, ವಾದ್ಯವೃಂದ ಪ್ರೇಕ್ಷಕರಿಗೆ ಅಲಂಕಾರವಿರಬಹುದು, ಸ್ಕೇಟರ್‌ಗೆ ಅದು ಉಸಿರು ತಿರುಗಿಸಿಕೊಳ್ಳುವ ಹೊತ್ತು. ಅಷ್ಟರಲ್ಲೇ ಬ್ಲೇಡಿಗೆ ಗಾರ್ಡ್ ಹಾಕಿ, ಮೇಕಪ್ ಒರೆಸಿ, ಉಡುಪು ಬದಲಿಸಬೇಕು. ಬೂಟು ಬಿಚ್ಚಿ ಮತ್ತೆ ಲೇಸು ಬಿಗಿಯುತ್ತಾ ಕೂತರೆ ಬಿಗಿತ ಮೊದಲಿನಂತೆ ಬರುವುದಿಲ್ಲ. ಅದಕ್ಕೆ ಬೂಟಿನ ಮೇಲಿಂದಲೇ ಎಳೆದು ತೆಗೆಯಬಹುದಾದ ಪ್ಯಾಂಟು ಹೊಲಿಸುವುದು ಜಾಣತನ. ಉಡುಪಿನ ಮಣಿಯನ್ನು ಬರೀ ಅಂಟಿಸದೆ ದಾರದಿಂದಲೂ ಹೊಲಿಯಬೇಕು. ಉದುರಿದ ಒಂದು ಮಣಿ ಬ್ಲೇಡಿನ ಕೆಳಗೆ ಸಿಕ್ಕರೆ ಕಾಲು ಹಿಡಿದು ಎಳೆದಂತೆ ನಿಂತುಬಿಡುತ್ತದೆ. ಹೂವೆಸೆಯಬಾರದು ಎನ್ನುವುದಕ್ಕೂ ಇದೇ ಕಾರಣ. ಎಸಳು ಐಸಿಗೆ ಅಂಟಿ ಹೆಪ್ಪುಗಟ್ಟುತ್ತದೆ.

ಜಾಹೀರಾತಿನ ಕೆಲಸ ಇದಕ್ಕಿಂತ ಸುಲಭ ಎಂದು ಅನೇಕರು ತಿಳಿಯುತ್ತಾರೆ. ಹಾನ್ಯು ಕೋಸೆ ಕಂಪನಿಯ ಸೌಂದರ್ಯವರ್ಧಕಗಳಿಗೆ, ಜಪಾನಿನ ಇನ್ನೊಬ್ಬ ಸ್ಕೇಟರ್ ಮಾವೊ ಅಸಾದಾ ಏರ್‌ವೀವ್ ಹಾಸಿಗೆಗೆ ಮುಖವಾದವರು. ಐಸಿನ ಮೇಲೆ ಚಿತ್ರೀಕರಣವಾದರೆ ಹದಿನೈದು ಸೆಕೆಂಡಿನ ತುಣುಕಿಗೆ ಒಂದೇ ತಿರುಗುವಿಕೆಯನ್ನು ಮತ್ತೆ ಮತ್ತೆ ಮಾಡಬೇಕು. ಒಂದೇ ಜಾಗದಲ್ಲಿ ತಿರುಗಿ ತಿರುಗಿ ಐಸ್ ಬಟ್ಟಲಿನಂತೆ ಸವೆಯುತ್ತದೆ. ಟೇಕ್‌ಗಳ ನಡುವೆ ನಿಂತು ಕಾಯುವಾಗ ಸ್ನಾಯು ತಣ್ಣಗಾಗುತ್ತದೆ, ನೋವು ಆಗುವುದು ಹೆಚ್ಚಾಗಿ ಆಗಲೇ. ಜಿಗಿತದ ಶಾಟ್‌ಗಳನ್ನು ಮೊದಲು ಮುಗಿಸಿ, ಮುಖದ ಶಾಟ್‌ಗಳನ್ನು ಕೊನೆಗೆ ಇಡುವುದು ಒಳ್ಳೆಯ ಕ್ರಮ.

ಬರೀ ಕಾಣಿಸಿಕೊಳ್ಳುವುದಕ್ಕೂ ತಯಾರಿ ಬೇಕು. 2014ರಲ್ಲೇ ನಿವೃತ್ತರಾದ ದಕ್ಷಿಣ ಕೊರಿಯಾದ ಸ್ಕೇಟರ್ ಯುನಾ ಕಿಮ್ 2018ರ ಫೆಬ್ರವರಿ 9ರಂದು ತಮ್ಮ ದೇಶದ ಪ್ಯೊಂಗ್‌ಚಾಂಗ್‌ನ ಬಯಲಿನ ಚಳಿಯಲ್ಲಿ, ಎತ್ತರದಲ್ಲಿ ಕಟ್ಟಿದ ಪುಟ್ಟ ಐಸಿನ ಮೇಲೆ ಸ್ಕೇಟ್ ಮಾಡಿ ಒಲಿಂಪಿಕ್ ಜ್ಯೋತಿ ಹೊತ್ತಿಸಿದರು. ಅಷ್ಟು ಚಿಕ್ಕ ಜಾಗದಲ್ಲಿ ವೇಗ ಕೂಡಿಸಲಾಗುವುದಿಲ್ಲ, ಬರೀ ಅಂಚಿನ ಹಿಡಿತವೇ ಆಧಾರ.

ಡೋಮ್‌ನ ಪ್ರದರ್ಶನವಾಗಿ ಹನ್ನೆರಡೇ ದಿನ. ಮಾರ್ಚ್ 10ರಂದು ಹಾನ್ಯು ಜಪಾನಿನ ಮಿಯಾಗಿ ಪ್ರಾಂತ್ಯದ ರಿಫು ಊರಿನಲ್ಲಿ ‘ನೊತ್ತೆ ಸ್ತೆಲ್ಲಾತಾ’ ಷೋಗಾಗಿ ಮತ್ತೆ ಐಸಿಗಿಳಿದರು. 2011ರ ಸುನಾಮಿಯಲ್ಲಿ ಸತ್ತವರ ದೇಹಗಳನ್ನು ಇರಿಸಿದ್ದ ಸಭಾಂಗಣ ಅದು. ಆ ಸುನಾಮಿ ಎಬ್ಬಿಸಿದ ಭೂಕಂಪವಾದ ಮಧ್ಯಾಹ್ನ ಹಾನ್ಯು ಅದೇ ಪ್ರಾಂತ್ಯದ ಸೆಂಡಾಯ್‌ನ ರಿಂಕಿನಲ್ಲಿ ಅಭ್ಯಾಸ ಮಾಡುತ್ತಿದ್ದು, ಸ್ಕೇಟ್ ತೊಟ್ಟ ಕಾಲಲ್ಲೇ ಹೊರಗೋಡಿ ಬಂದಿದ್ದರು.