ಗೈಡ್ ನಿಂತ ಕಡೆ ಗುಂಪೂ ನಿಲ್ಲಬೇಕು

ಕೋಸ್ಟರೀಕಾದ ಲಾ ಫೋರ್ಟುನಾದಲ್ಲಿ, ಮರದಲ್ಲಿ ತೂಗಾಡುತ್ತಾ ಬದುಕುವ ನಿಧಾನಗತಿಯ ಪ್ರಾಣಿ ಸ್ಲಾತನ್ನು ನೋಡುವ ಕಾಲ್ನಡಿಗೆಗೆ ಹೊರಡುವ ಮುನ್ನ ಗುಂಪಿನಲ್ಲಿ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: "ಗ್ಯಾರಂಟಿ ಕಾಣಿಸುತ್ತದೆ ಅಲ್ಲವೇ ಸರ್?" ಕಾಣಿಸುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆದರೂ ನಾನು ಮಾತು ಕೊಡುವುದಿಲ್ಲ. ಕರ್ನಾಟಕದಿಂದ ಹೊರಟ ಗುಂಪುಗಳನ್ನು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದು ಅಲ್ಲಿಂದ ನಮ್ಮನ್ನು ಸೇರಿಕೊಳ್ಳುವ ಹಿರಿಯರನ್ನು ಮಧ್ಯ ಅಮೆರಿಕ ಸುತ್ತಿಸಿಕೊಂಡು ಬರುವುದು ನನ್ನ ಉದ್ಯೋಗ. ಹೋಟೆಲ್, ಊಟ, ಬಸ್ಸು, ಮಾತ್ರೆ, ಪಾಸ್‌ಪೋರ್ಟ್ ಎಲ್ಲವನ್ನೂ ಮುಂದೆ ನಿಂತು ನೋಡಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಈ ನಡಿಗೆಯಲ್ಲಿ ಮಾತ್ರ ನಾನು ಗುಂಪಿನ ಕೊನೆಯಲ್ಲಿರುತ್ತೇನೆ. ಸ್ಥಳೀಯ ಗೈಡ್‌ಗೆ ಬೇಕಾದಷ್ಟು ಸಮಯವನ್ನೂ ಮೌನವನ್ನೂ ಕಾಪಾಡಿಕೊಡುವುದೇ ಅಲ್ಲಿ ಟೂರ್ ಮ್ಯಾನೇಜರ್‌ನ ಕೆಲಸ ಎಂಬುದನ್ನು ನಾನು ಈ ವೃತ್ತಿಯಲ್ಲಿ ಕಲಿತ ಪಾಠಗಳಲ್ಲೆಲ್ಲ ದೊಡ್ಡದೆಂದು ಎಣಿಸುತ್ತೇನೆ.

ನಮ್ಮವರಲ್ಲಿ ಬಹಳ ಜನಕ್ಕೆ ಕಾಡು ಎಂದರೆ ಕಬಿನಿ, ಬಂಡೀಪುರದ ಸಫಾರಿ. ಅಲ್ಲಿ ಜಿಂಕೆ ಎಚ್ಚರಿಕೆಯ ಕೂಗು ಹಾಕುತ್ತದೆ, ಚಾಲಕ ಜೀಪನ್ನು ಆ ಕಡೆ ತಿರುಗಿಸುತ್ತಾರೆ, ಹುಲಿ ಕಾಣದಿದ್ದರೂ ಕಾಣಬಹುದೆಂಬ ರೋಮಾಂಚನ ಸಿಕ್ಕಿರುತ್ತದೆ. ಸ್ಲಾತ್ ಇಂಥ ಯಾವ ಸುಳಿವನ್ನೂ ಕೊಡುವುದಿಲ್ಲ. ಸದ್ದಿಲ್ಲದೆ, ಅಲುಗಾಡದೆ ಇರುವುದರಿಂದಲೇ ಅದು ಹದ್ದಿನ ಕಣ್ಣಿಗೂ ಬೀಳದೆ ಉಳಿದುಕೊಂಡಿದೆ. ಕೂದಲಿನಲ್ಲಿ ಪಾಚಿ ಬೆಳೆದು ಮೈ ಹಸಿರಾಗಿರುತ್ತದೆ, ಆ ಕೂದಲ ನಡುವೆ ಪತಂಗಗಳೂ ಸಂಸಾರ ಹೂಡಿರುತ್ತವೆ. ಎಲೆಯಿಂದ ಸಿಗುವ ಅಲ್ಪ ಶಕ್ತಿಯಲ್ಲಿ ಬದುಕಬೇಕಾದ್ದರಿಂದ ಚಲನೆಯೂ ನಿಧಾನ, ಜೀರ್ಣಕ್ರಿಯೆಯೂ ನಿಧಾನ. ಮಲವಿಸರ್ಜನೆಗೆಂದು ಸುಮಾರು ವಾರಕ್ಕೊಮ್ಮೆ ನೆಲಕ್ಕಿಳಿಯುವುದನ್ನು ಬಿಟ್ಟರೆ ಅದರ ಬಾಳೆಲ್ಲ ಮರದ ಮೇಲೆ. ಹತ್ತು ನಿಮಿಷ ಏನೂ ಕಾಣಿಸದಿದ್ದರೆ "ಮುಂದೆ ಹೋಗೋಣವೇ" ಎನ್ನುವವರನ್ನು ಇಂಥ ಪ್ರಾಣಿಯ ಮುಂದೆ ನಿಲ್ಲಿಸುವುದು ಸುಲಭದ ಮಾತಲ್ಲ.

ಗೈಡ್‌ಗಳು ಹುಡುಕುವ ರೀತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅವರು ಎಲ್ಲ ಮರಗಳನ್ನೂ ನೋಡುವುದಿಲ್ಲ. ಮೊದಲು ಕಣ್ಣು ಹೋಗುವುದು ಸೆಕ್ರೋಪಿಯಾ ಮರಕ್ಕೆ. ಅಲ್ಲಿಯವರು ಅದನ್ನು ಗ್ವಾರುಮೋ ಎನ್ನುತ್ತಾರೆ. ತೆಳುವಾದ ಕಾಂಡ, ಬೆರಳು ಬಿಡಿಸಿದ ಅಂಗೈಯಂಥ ಅಗಲದ ಎಲೆ, ಟೊಳ್ಳು ಕಾಂಡದೊಳಗೆ ಇರುವೆಗಳ ವಾಸ. ಸ್ಲಾತ್‌ಗಳು ಬೇರೆ ಅನೇಕ ಮರಗಳಲ್ಲೂ ಇರುತ್ತವೆ. ಆದರೆ ಈ ಮರದ ಕೊಂಬೆಗಳು ವಿರಳವಾದ್ದರಿಂದ ಇಲ್ಲಿ ಇದ್ದರೆ ಕಾಣುತ್ತದೆ. ಆಮೇಲೆ ಹವೆಯ ಲೆಕ್ಕ. ಸ್ಲಾತ್‌ನ ಮೈಬಿಸಿ ನಮ್ಮದರಂತೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಸುತ್ತಲಿನ ಹವೆಯೊಂದಿಗೆ ಏರಿಳಿಯುತ್ತದೆ. ರಾತ್ರಿ ಮಳೆ ಸುರಿದು ಬೆಳಿಗ್ಗೆ ಬಿಸಿಲು ಬಿದ್ದರೆ ಅದು ಮೈ ಕಾಯಿಸಿಕೊಳ್ಳಲು ಮರದ ನೆತ್ತಿಗೆ ಬರುತ್ತದೆ. ಅಂಥ ಬೆಳಗಿನಲ್ಲಿ ಗೈಡ್ ನೋಟ ಪೂರ್ವಕ್ಕೆ ತೆರೆದುಕೊಂಡ ಮರಗಳ ಮೇಲಿರುತ್ತದೆ. ಮಳೆ ಹಿಡಿದುಕೊಂಡಿದ್ದರೆ ಕೊಂಬೆ ಕವಲೊಡೆದ ಜಾಗಗಳಲ್ಲಿ ದುಂಡನೆಯ ಮುದ್ದೆ ಏನಾದರೂ ಇದೆಯೇ ಎಂದು ಹುಡುಕುತ್ತಾರೆ. ಗೆದ್ದಲಿನ ಗೂಡು ಯಾವುದು, ಸ್ಲಾತ್ ಯಾವುದು ಎಂದು ನಮಗೆ ತಿಳಿಯುವಷ್ಟರಲ್ಲಿ ಅವರು ಟ್ರೈಪಾಡ್ ನೆಟ್ಟು ಟೆಲಿಸ್ಕೋಪ್ ಜೋಡಿಸಿಯಾಗಿರುತ್ತದೆ.

ಆ ದೇಶದಲ್ಲಿರುವುದು ಎರಡು ಜಾತಿ. ಕಂದು ಕತ್ತಿನ ಮೂರು ಬೆರಳಿನ ಸ್ಲಾತ್ ಹಗಲೂ ಎಚ್ಚರವಿರುವುದುಂಟು, ಕಣ್ಣಿನ ಪಕ್ಕ ಕಪ್ಪು ಪಟ್ಟಿ ಇರುತ್ತದೆ. ಹಾಫ್‌ಮನ್‌ನ ಎರಡು ಬೆರಳಿನ ಸ್ಲಾತ್ ಬಹುಪಾಲು ನಿಶಾಚರಿ, ಮೂತಿ ತುಸು ಉದ್ದ. ಬೆರಳಿನ ಲೆಕ್ಕ ಮುಂಗಾಲಿಗೆ ಮಾತ್ರ, ಹಿಂಗಾಲಿನಲ್ಲಿ ಎರಡಕ್ಕೂ ಮೂರೇ.

ಒಂದು ಗುಂಪಿನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಟೆಲಿಸ್ಕೋಪ್‌ಗೆ ಕಣ್ಣಿಟ್ಟು, "ಬರೀ ಕೊಂಬೆ ಕಾಣುತ್ತಿದೆಯಲ್ಲ" ಎಂದರು. ಹಿಂದೆ ಸಾಲು ಬೆಳೆದಿತ್ತು, ಒಬ್ಬರಾಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಗೈಡ್ ಟ್ರೈಪಾಡನ್ನು ಅವರ ಎತ್ತರಕ್ಕೆ ಇಳಿಸಿದರು, ಕನ್ನಡಕ ತೆಗೆಯಲು ಸನ್ನೆ ಮಾಡಿದರು, ಫೋಕಸ್ ತಿರುಗಿಸಿದರು. ನಾನು ಸಾಲಿನವರ ಕಡೆ ತಿರುಗಿ, "ಅಮ್ಮ ನೋಡಿ ಮುಗಿಸುವವರೆಗೆ ಯಾರೂ ಮುಂದೆ ಬರುವುದು ಬೇಡ" ಎಂದು ಮೆಲ್ಲಗೆ ಹೇಳಿ ಅಡ್ಡ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಉಸಿರೆಳೆದುಕೊಂಡರು. ಕೊಂಬೆ ಎಂದುಕೊಂಡಿದ್ದರಲ್ಲೇ ಮೂರು ಉಗುರು ಕಂಡಿದ್ದವು. ಒಂದೊಂದೇ ಉಗುರು ಎಲೆಯ ತೊಟ್ಟಿನ ಸುತ್ತ ಮಡಿಚಿಕೊಂಡಿತು, ತೊಟ್ಟು ಬಾಯಿಯ ಹತ್ತಿರ ಬಂತು. ಆಮೇಲೆ ತಲೆ ಮೈಯನ್ನು ಅಲ್ಲೇ ಬಿಟ್ಟು ಹಿಂದಕ್ಕೆ ತಿರುಗಿತು. ಸಾಮಾನ್ಯವಾಗಿ ಸಸ್ತನಿಗಳ ಕತ್ತಿನಲ್ಲಿ ಏಳು ಮೂಳೆಗಳಿದ್ದರೆ ಮೂರು ಬೆರಳಿನ ಸ್ಲಾತ್‌ಗೆ ಎಂಟೋ ಒಂಬತ್ತೋ ಇರುತ್ತವೆ, ಅದಕ್ಕೇ ಕತ್ತು ಅಷ್ಟು ತಿರುಗುತ್ತದೆ ಎಂದು ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಶಿಕ್ಷಕಿ ಅದನ್ನು ಹಿಂದಿನವರಿಗೆ ತಮ್ಮ ಮಾತಿನಲ್ಲಿ ಇನ್ನೂ ಚೆನ್ನಾಗಿ ವಿವರಿಸಿದರು. ಗಡಿಯಾರ ನೋಡಿಕೊಳ್ಳುತ್ತಿದ್ದವರು ತಮ್ಮ ಸರದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

ಅದಕ್ಕೇ ಅನುವಾದ ಮಾಡುವ ಹೊತ್ತಿನ ಬಗ್ಗೆ ನಾನು ಬಹಳ ಎಚ್ಚರದಿಂದಿರುತ್ತೇನೆ. ಪಾಚಿ, ಪತಂಗ, ಬೆರಳು, ಕತ್ತು, ಇವನ್ನೆಲ್ಲ ಹಿಂದಿನ ರಾತ್ರಿ ಊಟವಾದ ಮೇಲೆ ಹೋಟೆಲಿನಲ್ಲೇ ಚಿತ್ರ ತೋರಿಸಿ ಹೇಳಿಬಿಡುತ್ತೇನೆ. ಕಾಡಿನಲ್ಲಿ ಹೇಳಲು ಉಳಿಯುವುದು ಒಂದೆರಡು ವಾಕ್ಯ. ಮೊಬೈಲ್ ಫೋಟೋಗೂ ಒಂದು ಕ್ರಮವಿದೆ: ಮೊದಲ ಸುತ್ತಿನಲ್ಲಿ ಎಲ್ಲರೂ ಮೊಬೈಲ್ ಬದಿಗಿಟ್ಟು ಟೆಲಿಸ್ಕೋಪ್‌ಗೆ ಕಣ್ಣಿಟ್ಟೇ ನೋಡಬೇಕು, ಎರಡನೆಯ ಸುತ್ತಿನಲ್ಲಿ ಗೈಡ್ ಒಬ್ಬೊಬ್ಬರ ಮೊಬೈಲನ್ನೂ ಟೆಲಿಸ್ಕೋಪ್‌ಗೆ ಹಿಡಿದು ಚಿತ್ರ ತೆಗೆದುಕೊಡುತ್ತಾರೆ. ಛತ್ರಿಗಿಂತ ಮಳೆಯಂಗಿ ಮೇಲು. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಮರವೇ ಮರೆಯಾಗುತ್ತದೆ.

ಮುಟ್ಟುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಗ್ಗ ಕಟ್ಟಿದ ಸ್ಲಾತನ್ನು ಪ್ರವಾಸಿಗರ ತೋಳಿಗೆ ಕೊಟ್ಟು ಹಣ ಕೇಳುವ ದಂಧೆ ಲ್ಯಾಟಿನ್ ಅಮೆರಿಕದ ಹಲವೆಡೆ ನಡೆದಿದೆ. ಕೋಸ್ಟರೀಕಾದ ಪರಿಸರ ಸಚಿವಾಲಯ 2019ರಲ್ಲಿ ಕಾಡುಪ್ರಾಣಿಗಳನ್ನು ಹಿಡಿದು ಸೆಲ್ಫಿ ತೆಗೆದುಕೊಳ್ಳುವುದರ ವಿರುದ್ಧ ದೊಡ್ಡ ಪ್ರಚಾರವನ್ನೇ ಆರಂಭಿಸಿತು. 2021ರಲ್ಲಿ ಸ್ಲಾತ್ ಆ ದೇಶದ ರಾಷ್ಟ್ರೀಯ ಲಾಂಛನವೂ ಆಯಿತು. ಮೂರು ಬೆರಳಿನ ಸ್ಲಾತ್‌ನ ಮುಖದಲ್ಲಿ ಕಾಣುವ ನಗು ಅದರ ಮುಖದ ರಚನೆ ಮತ್ತು ಬಣ್ಣದಿಂದ ಬಂದದ್ದು. ಹೆದರಿದಾಗಲೂ, ನೋವಾದಾಗಲೂ ಅದು ಹಾಗೆಯೇ ಕಾಣುತ್ತದೆ. ಇದನ್ನು ಹೇಳಿದ ಮೇಲೆ ಎತ್ತಿಕೊಳ್ಳಬೇಕೆಂದು ಹಟ ಮಾಡುವ ಮಕ್ಕಳು ಕೂಡ ಸುಮ್ಮನಾಗುತ್ತಾರೆ. ಯಾವುದೇ ಸಂಸ್ಥೆಯ ಜಾಹೀರಾತಿನಲ್ಲಿ ಪ್ರಾಣಿಯನ್ನು ಅಪ್ಪಿಕೊಂಡ ಪ್ರವಾಸಿಗರ ಚಿತ್ರ ಕಂಡರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತೇನೆ, ದರ ಎಷ್ಟೇ ಕಡಿಮೆಯಿರಲಿ.

ಕಾಡು ಮರಳಿ ಬಂದ ಕಥೆಯನ್ನೂ ಗುಂಪಿಗೆ ತಪ್ಪದೆ ಹೇಳುತ್ತೇನೆ, ನನಗೆ ಬಹಳ ಪ್ರಿಯವಾದದ್ದು ಅದೇ. ಕಳೆದ ಶತಮಾನದಲ್ಲಿ ದನದ ಮೇವಿಗೂ ಬೇಸಾಯಕ್ಕೂ ಕಡಿದು ಕಡಿದು, 1980ರ ದಶಕದ ಹೊತ್ತಿಗೆ ಆ ದೇಶದ ಕಾಡು ನೆಲದ ಸುಮಾರು ಕಾಲುಭಾಗಕ್ಕೆ ಇಳಿದಿತ್ತು. ಮರ ಉಳಿಸಿಕೊಂಡ ಜಮೀನಿನ ಒಡೆಯರಿಗೆ ಸರ್ಕಾರವೇ ಹಣ ಕೊಡುವ ವ್ಯವಸ್ಥೆಗೆ 1996ರ ಅರಣ್ಯ ಕಾಯ್ದೆ ದಾರಿ ಮಾಡಿಕೊಟ್ಟಿತು, ಅದರ ಹಣದಲ್ಲಿ ದೊಡ್ಡ ಪಾಲು ಇಂಧನ ತೆರಿಗೆಯದು. ಈಗ ದೇಶದ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿ ಕಾಡಿದೆ. ಲಾ ಫೋರ್ಟುನಾದ ಸುತ್ತ ನಾವು ನಡೆಯುವ ಕೆಲವು ದಾರಿಗಳು ಹಿಂದೆ ಹುಲ್ಲುಗಾವಲಾಗಿದ್ದವು. ಬಯಲಾದ ನೆಲದಲ್ಲಿ ಮೊದಲು ತಲೆಯೆತ್ತುವ ಮರಗಳಲ್ಲಿ ಗ್ವಾರುಮೋ ಒಂದು, ಅದರ ಎಲೆ ಸ್ಲಾತ್‌ಗೆ ಆಹಾರ. ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ ಹಗ್ಗಗಳನ್ನೂ ತೋರಿಸುತ್ತೇನೆ. ವಿದ್ಯುತ್ ತಂತಿ ಹಿಡಿದು ಸಾಯುವ ಪ್ರಾಣಿಗಳಿಗೆ ಅವು ಬದಲಿ ದಾರಿ.

ಖರ್ಚು ಕಡಿಮೆ ಮಾಡುವಾಗ ಕಚೇರಿಯವರು ಮೊದಲು ಕೈ ಹಾಕುವುದು ಗೈಡ್ ಶುಲ್ಕಕ್ಕೆ. ಟಿಕೆಟ್ ಕೊಂಡು ತಾವೇ ನಡೆಯಬಹುದಾದ ದಾರಿಗಳು ಇವೆ ಎಂಬುದು ಅವರ ವಾದ. ಅಂಥ ದಾರಿಯಲ್ಲಿ, ಸ್ಲಾತ್ ಮಲಗಿದ್ದ ಮರದ ಕೆಳಗೇ ಜನ ಮಾತಾಡುತ್ತಾ ಸಾಗಿಹೋಗುವುದನ್ನು ನಾನು ನೋಡಿದ್ದೇನೆ. ಇದನ್ನೇ ಬರೆದು ವಾದಿಸಿ ಮೂರು ವಿಷಯಗಳಿಗೆ ಒಪ್ಪಿಗೆ ಪಡೆದಿದ್ದೇನೆ: ದೊಡ್ಡ ಗುಂಪನ್ನು ಎರಡಾಗಿ ಮಾಡಿ ಇಬ್ಬರು ಗೈಡ್‌ಗಳನ್ನು ಗೊತ್ತುಮಾಡುವುದು, ಬೆಳಗಿನ ಮೊದಲ ಸರದಿಯನ್ನೇ ಕಾಯ್ದಿರಿಸುವುದು, ಬಿಸಿನೀರಿನ ಬುಗ್ಗೆಯ ಕಾರ್ಯಕ್ರಮವನ್ನು ಸಂಜೆಗೆ ದೂಡುವುದು. ಮಧ್ಯಾಹ್ನದ ಊಟದ ಹೊತ್ತನ್ನು ನಾವು ಈಗ ಮುಂಚಿತವಾಗಿ ನಿಗದಿ ಮಾಡುವುದಿಲ್ಲ. ಗುಂಪು ಕಾಡಿನಿಂದ ಹೊರಗೆ ಬಂದ ಮೇಲೆ ನಾನು ಅಡುಗೆಯವರಿಗೆ ಫೋನ್ ಮಾಡುತ್ತೇನೆ.