ಆನೆ ಊರು ಬಿಟ್ಟ ದಿನ

ಮ್ಯಾಚ್ ಶುರುವಾಗುವುದು ಮಧ್ಯಾಹ್ನ 12 ಗಂಟೆ 37 ನಿಮಿಷಕ್ಕೆ ಅಂತ ಟಿಕೆಟ್‌ನಲ್ಲಿತ್ತು. "ಇದೇನೋ, ಜೋಯಿಸರು ಇಟ್ಟುಕೊಟ್ಟ ಮುಹೂರ್ತದ ಹಾಗಿದೆಯಲ್ಲ" ಅಂದೆ. ಬೇರೆ ದಿನವಾಗಿದ್ದರೆ ತಮ್ಮ ನಗುತ್ತಿದ್ದ. ಅವತ್ತು ನಗಲಿಲ್ಲ.

ಅವತ್ತು 2024ರ ಸೆಪ್ಟೆಂಬರ್ 26, ಗುರುವಾರ. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ ತನ್ನ ಊರಿನಲ್ಲಿ ಆಡುವ ಕಟ್ಟಕಡೆಯ ಆಟ. 1968ರಿಂದ 57 ಸೀಸನ್ ಅಲ್ಲೇ ಆಡಿದ ತಂಡ. ಮುಂದಿನ ವರ್ಷದಿಂದ ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಮೈದಾನ, ಆಮೇಲೆ ಲಾಸ್ ವೇಗಸ್. ನಾನು ಮೈಸೂರಿನಿಂದ ಫ್ರೀಮಾಂಟಿನ ತಮ್ಮನ ಮನೆಗೆ ಬಂದು ಮೂರು ವಾರವಾಗಿತ್ತು. ಬೇಸ್‌ಬಾಲ್ ನನಗೆ ಏನೇನೂ ಗೊತ್ತಿಲ್ಲ. ಆದರೆ ತಮ್ಮನ ಮಗಳು ಪುಟ್ಟಿ ಮೂರು ಟಿಕೆಟ್ ತಗೊಳ್ಳಲೇಬೇಕು ಅಂತ ಹಟ ಹಿಡಿದಿದ್ದಳು. ಸ್ಕೂಲಿಗೆ "ಮನೆಯಲ್ಲಿ ಕಾರ್ಯಕ್ರಮ ಇದೆ" ಅಂತ ಬರೆದು ಕಳಿಸಿದರು. ಅದು ಅಷ್ಟೇನೂ ಸುಳ್ಳಲ್ಲ ಅಂತ ಸಂಜೆಯ ಹೊತ್ತಿಗೆ ನನಗೂ ಅನಿಸಿತು.

ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿದಾಗ ಬೋಗಿಯಲ್ಲಿ ನಾಲ್ಕೈದು ಹಸಿರು ಟೋಪಿ ಇದ್ದವು. ಹೇವರ್ಡ್ ದಾಟುವಷ್ಟರಲ್ಲಿ ಬೋಗಿಯೇ ಹಸಿರು. ಹಸಿರು, ಹಳದಿ ಆ ತಂಡದ ಬಣ್ಣ. ಅಜ್ಜಂದಿರು, ಕೈಗೂಸುಗಳು, ಡ್ರಮ್ ಹೊತ್ತ ಹುಡುಗರು. ಕೊಲಿಸಿಯಂ ಸ್ಟೇಷನ್ನಿನಲ್ಲಿ ಇಳಿದರೆ ಹಳಿಗಳ ಮೇಲೆ ಒಂದು ಉದ್ದದ ಕಾಲುಸೇತುವೆ. ಕೊಲಿಸಿಯಂ ಅನ್ನುವ ಆ ಸ್ಟೇಡಿಯಂಗೆ ಅದೇ ದಾರಿ. ನನಗೆ ಆ ಇಡೀ ದಿನದಲ್ಲಿ ಜಾಸ್ತಿ ಹಿಡಿಸಿದ್ದು ಆ ಸೇತುವೆ. ಅಮೆರಿಕದಲ್ಲಿ ಅಷ್ಟು ದಿನದಲ್ಲಿ ಮೊದಲ ಸಲ ನಮ್ಮ ದೇವರಾಜ ಮಾರುಕಟ್ಟೆಯ ಕಡೆ ಹೋದ ಹಾಗಾಯಿತು. ಎರಡೂ ಕಡೆ ತಳ್ಳುಗಾಡಿ, ಹೊಗೆ, ಮಾಂಸ ಸುಡುವ ವಾಸನೆ, ನೀರಿನ ಬಾಟಲಿ ಮಾರುವವರ ಕೂಗು, ನೆಲದ ಮೇಲೆ ಹರಡಿದ ಟೀಶರ್ಟುಗಳು.

ತುಂಬಾ ಜನರ ಎದೆಯ ಮೇಲೆ ಒಂದೇ ಪದ, 'ಸೆಲ್'. ನಾನು ಅದನ್ನು ನಮ್ಮ ಆಷಾಢದ ಸೇಲ್ ತರಹ ಏನೋ ರಿಯಾಯಿತಿ ಅಂದುಕೊಂಡಿದ್ದೆ. "ಅಲ್ಲ ಅತ್ತೆ, ಅದು ಓನರ್‌ಗೆ ಹೇಳ್ತಿರೋದು. ಟೀಮ್ ಮಾರಿಬಿಟ್ಟು ಹೋಗು ಅಂತ" ಅಂದಳು ಪುಟ್ಟಿ.

ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆಗೆದು, ಒಲೆ ಹಚ್ಚಿ, ಊರಿಗೆ ಊರೇ ಊಟಕ್ಕೆ ಕೂತಿತ್ತು. ನಾವೂ ಒಂದು ಗೋಡೆಯ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ತೆಗೆದೆವು. ತಿನ್ನುತ್ತಾ ತಮ್ಮ ಕಥೆ ಹೇಳಿದ.

ಓನರ್ ಹೆಸರು ಜಾನ್ ಫಿಶರ್. ಸ್ಟೇಡಿಯಂ 1966ರದ್ದು, ಹಳೆಯದಾಯಿತು, ಹೊಸದು ಬೇಕು ಅಂತ ವರ್ಷಗಟ್ಟಲೆ ಮಾತುಕತೆ ನಡೆಯಿತು. ಬಂದರಿನ ಹತ್ತಿರ ಹೊವರ್ಡ್ ಟರ್ಮಿನಲ್ ಎಂಬ ಜಾಗದಲ್ಲಿ ಕಟ್ಟುವ ಯೋಜನೆ ತುಂಬಾ ದೂರ ಹೋಯಿತು. 2023ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಅಂತ ಸುದ್ದಿ. ನೆವಾಡಾ ಸರ್ಕಾರ 38 ಕೋಟಿ ಡಾಲರ್ ವರೆಗೆ ಕೊಡಲು ಒಪ್ಪಿತು. ನವೆಂಬರ್‌ನಲ್ಲಿ ಲೀಗಿನ 30 ಮಾಲೀಕರೂ ಕೈ ಎತ್ತಿದರು. ಒಬ್ಬರೂ ಬೇಡ ಅನ್ನಲಿಲ್ಲ.

"ಜನ ಬರಲ್ಲ ಅಂತಾರೆ ಅಕ್ಕ. ಒಳ್ಳೆ ಆಟಗಾರರನ್ನೆಲ್ಲ ಬೇರೆ ಟೀಮ್‌ಗೆ ಕಳಿಸಿಬಿಟ್ಟರೆ ಯಾರು ಬರ್ತಾರೆ? 2023ರಲ್ಲಿ 112 ಮ್ಯಾಚ್ ಸೋತರು." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ಅದೇ ನೆನಪಾಯಿತು. ಅದೇ ವರ್ಷ ಜೂನ್ 13ರಂದು ಅಭಿಮಾನಿಗಳು ಉಲ್ಟಾ ಬಹಿಷ್ಕಾರ ಮಾಡಿದರಂತೆ. ಅಂದರೆ, ಬೇಕೆಂದೇ ಎಲ್ಲರೂ ಬರುವುದು. ಒಂದು ಮಂಗಳವಾರ ರಾತ್ರಿ 27,759 ಜನ ಬಂದು "ಮಾರು, ಮಾರು" ಅಂತ ಕೂಗಿದರು. ತಂಡ ಅವತ್ತು ಗೆದ್ದೂ ಗೆದ್ದಿತು. ಓನರ್ ಮಾರಲಿಲ್ಲ.

ನಾನು ಆರ್‌ಸಿಬಿ ಬಗ್ಗೆ ಯೋಚಿಸಿದೆ. ಮುಂದಿನ ವರ್ಷದಿಂದ ತಂಡ ಲಖನೌದಲ್ಲಿ, ಹೆಸರಿನಿಂದ ಬೆಂಗಳೂರು ತೆಗೆದಿದ್ದೇವೆ ಅಂದರೆ? ಅಲ್ಲಿಯವರೆಗೆ ಐಪಿಎಲ್ ಕಪ್ ಬರದಿದ್ದರೂ ಸಹಿಸಿಕೊಂಡ ಜನ ಇದನ್ನು ಸಹಿಸುತ್ತಾರಾ? ಇಲ್ಲಿಯವರಿಗೆ ಇದು ಮೂರನೇ ಪೆಟ್ಟು. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಅಮೆರಿಕನ್ ಫುಟ್‌ಬಾಲಿನ ರೇಡರ್ಸ್ 2020ರಲ್ಲಿ ಇದೇ ವೇಗಸ್‌ಗೆ.

ಒಳಗೆ ಹೋದರೆ ಸ್ಟೇಡಿಯಂ ನಿಜಕ್ಕೂ ಚೆಂದವಿಲ್ಲ. ದುಂಡಗಿನ ಸಿಮೆಂಟ್ ಬಾವಿ. ಮೈದಾನವೇ ನೆಲದ ಮಟ್ಟಕ್ಕಿಂತ ಕೆಳಗಿದೆ. ಒಂದು ಬದಿಯಲ್ಲಿ ರೇಡರ್ಸ್‌ಗಾಗಿ 90ರ ದಶಕದಲ್ಲಿ ಎಬ್ಬಿಸಿದ ದೊಡ್ಡ ಗ್ಯಾಲರಿ. ಮೊದಲು ಅಲ್ಲಿ ಓಕ್ಲೆಂಡಿನ ಬೆಟ್ಟಗಳು ಕಾಣುತ್ತಿದ್ದವಂತೆ. ಯಾರಿಗಾಗಿ ಬೆಟ್ಟ ಮುಚ್ಚಿದರೋ ಆ ರೇಡರ್ಸ್ ಹೋಗಾಯಿತು, ಗೋಡೆ ಮಾತ್ರ ಉಳಿದಿದೆ.

ಆನೆ ಕಂಡಿದ್ದು ಆಗಲೇ. ಸ್ಟಾಂಪರ್ ಅಂತ ಹೆಸರು, ಆನೆ ವೇಷದ ಮನುಷ್ಯ. ಮೈಸೂರಿನಲ್ಲಿ ಆ ಹೊತ್ತಿಗೆ ದಸರಾ ತಾಲೀಮು, ಅಭಿಮನ್ಯು ರಾಜಬೀದಿಯಲ್ಲಿ ಮರಳುಮೂಟೆ ಹೊತ್ತು ನಡೆಯುವ ಸಮಯ. ಅದನ್ನು ಬಿಟ್ಟು ಬಂದೆನಲ್ಲ ಅಂತ ಕೊರಗುತ್ತಿದ್ದವಳಿಗೆ ಇಲ್ಲೂ ಆನೆ! ಇದರ ಹುಟ್ಟು 1902ರದ್ದು. ತಂಡ ಆಗ ಫಿಲಡೆಲ್ಫಿಯಾದಲ್ಲಿತ್ತು. ಎದುರಾಳಿ ಮ್ಯಾನೇಜರ್ ಜಾನ್ ಮೆಗ್ರಾ ಎಂಬಾತ ಅದನ್ನು ಬಿಳಿ ಆನೆ ಅಂತ ಹೀಯಾಳಿಸಿದ. ಸಾಕುವುದಕ್ಕೆ ದುಡ್ಡು ದಂಡ ಅನ್ನುವ ಅರ್ಥದಲ್ಲಿ. ತಂಡ ನಡೆಸುತ್ತಿದ್ದ ಕಾನಿ ಮ್ಯಾಕ್ ಬೇಜಾರು ಮಾಡಿಕೊಳ್ಳದೆ ಅದೇ ಆನೆಯನ್ನು ಗುರುತು ಮಾಡಿಕೊಂಡ. ಆಮೇಲೆ ತಂಡ ಕ್ಯಾನ್ಸಸ್ ಸಿಟಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ. ಊರೂರು ತಿರುಗಿದ ಆನೆಯೇ ಇದು. "ಅಲ್ಲಿಯವರೂ ಅವತ್ತು ಅತ್ತಿರಬೇಕಲ್ವಾ?" ಅಂದೆ. ಪುಟ್ಟಿ ನನ್ನನ್ನು ದುರುಗುಟ್ಟಿ ನೋಡಿದಳು. ಆ ಮಾತು ಅವತ್ತು ಬೇಡವಾಗಿತ್ತು.

ಆಟದ ಬಗ್ಗೆ ಏನು ಹೇಳಲಿ. ಬ್ಯಾಟಿಗೆ ತಾಗಿ ಹಿಂದೆ ಹೋದ ಚೆಂಡಿಗೆ ರನ್ ಇಲ್ಲ ಅನ್ನುವುದನ್ನು ನನ್ನ ಕ್ರಿಕೆಟ್ ಮನಸ್ಸು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಶುರುವಿನಲ್ಲಿ ಶಾಸ್ತ್ರಕ್ಕೆ ಮೊದಲ ಚೆಂಡು ಎಸೆಯಲು ಬಂದ ಇಬ್ಬರು ಹಳೆಯ ಆಟಗಾರರಿಗೆ ಇಡೀ ಸ್ಟೇಡಿಯಂ ಎದ್ದು ನಿಂತಿತು. ಒಬ್ಬರು ಡೇವ್ ಸ್ಟೀವರ್ಟ್, ಇನ್ನೊಬ್ಬರು ರಿಕಿ ಹೆಂಡರ್ಸನ್. ರಿಕಿ ಓಕ್ಲೆಂಡಿನಲ್ಲೇ ಬೆಳೆದವರು, ಮೈದಾನಕ್ಕೆ ಅವರದೇ ಹೆಸರು. ಚೆಂಡು ಹೊಡೆಯುವ ಮೊದಲೇ ಎದುರಾಳಿ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ, ಅಂದರೆ ರನ್ನಿಗಾಗಿ ಮುಟ್ಟಬೇಕಾದ ಗುರುತಿಗೆ, ಓಡುವುದಕ್ಕೆ ಕದಿಯುವುದು ಅನ್ನುತ್ತಾರೆ. ರಿಕಿ 1,406 ಸಲ ಕದ್ದಿದ್ದಾರೆ. ಅಷ್ಟು ಯಾರೂ ಕದ್ದಿಲ್ಲ.

ನಡುವೆ ಜನ ಅಲೆಯ ಹಾಗೆ ಎದ್ದು ಕೂರುವ ಆಟ ಶುರುವಾಯಿತು. ಚಿನ್ನಸ್ವಾಮಿಯಲ್ಲಿ ಮಾಡುತ್ತೀವಲ್ಲ, ಮೆಕ್ಸಿಕನ್ ವೇವ್. ನನಗೆ ಗೊತ್ತಿರುವ ಒಂದೇ ವಿದ್ಯೆ, ಜೋರಾಗಿ ಎದ್ದೆ. ಪಕ್ಕದ ಸೀಟಿನ ಮುದುಕರು ಆಗ ಬಗ್ಗಿ ಹೇಳಿದರು: ಇದು ಹುಟ್ಟಿದ್ದೇ ಇಲ್ಲಿ, 1981ರ ಅಕ್ಟೋಬರ್ 15ರಂದು, ಯಾಂಕೀಸ್ ವಿರುದ್ಧದ ಆಟದಲ್ಲಿ, ಕ್ರೇಜಿ ಜಾರ್ಜ್ ಅನ್ನುವ ಡ್ರಮ್ ಬಡಿಯುವವನು ಮಾಡಿಸಿದ. ತಾವೂ ಅವತ್ತು ಇದ್ದೆ ಅಂದರು. ಇರಬಹುದು. ಇಲ್ಲದಿದ್ದರೂ ಆ ಹೊತ್ತಿಗೆ ಇದ್ದೆ ಅನ್ನಬೇಕು.

ಅವತ್ತು ಬಂದವರು 46,889 ಜನ. ಆ ಸೀಸನ್ನಿನ ಸರಾಸರಿ 11,000ದ ಆಸುಪಾಸು. ಕೊನೆಗೆ ಮೇಸನ್ ಮಿಲ್ಲರ್ ಅನ್ನುವ ಹುಡುಗ ಎಸೆಯಲು ಬಂದ. ಗಂಟೆಗೆ 160 ಕಿಲೋಮೀಟರ್ ದಾಟುವ ಎಸೆತ. ಕೊನೆಯ ಚೆಂಡು ನೆಲ ಹಿಡಿದು ಉರುಳಿತು, ಹಿಡಿದವನು ಎಸೆದ, ಔಟ್. ಟೆಕ್ಸಸ್ ರೇಂಜರ್ಸ್ ವಿರುದ್ಧ 3-2ರ ಗೆಲುವು. ಗೆದ್ದವರು ಅಷ್ಟು ಅಳುವುದನ್ನು ನಾನು ನೋಡಿರಲಿಲ್ಲ. ಮ್ಯಾನೇಜರ್ ಮಾರ್ಕ್ ಕೊಟ್ಸೆ ಮೈಕ್ ಹಿಡಿದು ಕೃತಜ್ಞತೆ ಹೇಳಿ, ಕೊನೆಯ ಸಲ "ಲೆಟ್ಸ್ ಗೋ ಓಕ್ಲೆಂಡ್" ಕೂಗಿಸಿದರು. ನನ್ನ ಗಂಟಲೂ ಕಟ್ಟಿತು. ಮೂರು ತಾಸಿನ ಹಿಂದೆ ಆ ತಂಡದ ಒಬ್ಬ ಆಟಗಾರನೂ ನನಗೆ ಗೊತ್ತಿರಲಿಲ್ಲ.

ಯಾರೂ ಹೊರಡಲಿಲ್ಲ. ಕೆಳಗೆ ಕಂಬಿಯ ಹತ್ತಿರ ನೂಕುನುಗ್ಗಲು. ಮೈದಾನದ ಕೆಲಸದವರು ಮಣ್ಣು ಕೊಡುತ್ತಿದ್ದರು. ಜನ ಬಿಯರ್ ಲೋಟ, ಟೋಪಿ, ಪ್ಲಾಸ್ಟಿಕ್ ಚೀಲ ಒಡ್ಡುತ್ತಿದ್ದರು. ಪುಟ್ಟಿ ನನ್ನ ಚೀಲಕ್ಕೆ ಕೈ ಹಾಕಿ ಚಿತ್ರಾನ್ನದ ಡಬ್ಬಿ ಎಳೆದುಕೊಂಡು ಓಡಿದಳು. ಅದರಲ್ಲಿ ಇನ್ನೂ ನಾಲ್ಕು ಕಡಲೆಬೇಳೆ, ಅರಿಶಿನದ ಕಲೆ. ತೊಳೆಯೋಣ ಅನ್ನುವಷ್ಟರಲ್ಲಿ ಕೆಂಪು ಮಣ್ಣು ತುಂಬಿಸಿಕೊಂಡು ಬಂದಳು.

ರಿಕಿ ಹೆಂಡರ್ಸನ್ ಅದೇ ಡಿಸೆಂಬರ್ 20ರಂದು ತೀರಿಕೊಂಡರು, 65 ವರ್ಷ. ನಾನು ಅಷ್ಟರಲ್ಲಿ ಮೈಸೂರಿಗೆ ಬಂದಿದ್ದೆ. ತಮ್ಮ ಫೋನ್ ಮಾಡಿ ಹೇಳಿದ. ಮುಂದಿನ ಜೂನ್‌ನಲ್ಲಿ ಮತ್ತೆ ಫೋನ್. ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ಅದೇ ಕೊಲಿಸಿಯಂನಲ್ಲಿ ಶುರುವಾಗಿದೆ, ಫಿನ್ ಆಲನ್ ಒಂದೇ ಇನಿಂಗ್ಸ್‌ನಲ್ಲಿ 19 ಸಿಕ್ಸರ್ ಹೊಡೆದ, ಟಿ20ಯಲ್ಲಿ ವಿಶ್ವದಾಖಲೆ, ನೋಡಿಕೊಂಡು ಬಂದೆ ಅಂದ. ಸೇತುವೆ ಮೇಲೆ ಗಾಡಿಗಳಿದ್ದವಾ ಅಂತ ಕೇಳಿದೆ. ಎರಡೋ ಮೂರೋ ಇದ್ದವು ಅಕ್ಕ ಅಂದ. ಪುಟ್ಟಿ ಕರೆದರೂ ಹೋಗಲಿಲ್ಲವಂತೆ. ಡಬ್ಬಿ ಅವಳ ಓದುವ ಮೇಜಿನ ಮೇಲಿದೆ. ತಮ್ಮನ ಹೆಂಡತಿ ಚಿತ್ರಾನ್ನಕ್ಕೆ ಬೇರೆ ಡಬ್ಬಿ ತಗೊಂಡಿದ್ದಾಳೆ.